ನಿಂತ ಕಾರು, ಬಂದ ಬೀಗರು

ನಿಂತಿರುವ ವಸ್ತು ಯಾರಿಗೂ ಡಿಕ್ಕಿ ಹೊಡೆಯಲಾರದು. ಇದು ಪ್ರಕೃತಿಯ ನಿಯಮ. ಕನಕಪುರದ ಬಸ್‌ಸ್ಟ್ಯಾಂಡ್ ಹತ್ತಿರ ರಸ್ತೆಬದಿಗೆ ನಿಂತಿದ್ದ ನನ್ನ ಕಾರಿಗೆ ಈ ನಿಯಮವನ್ನು ಯಾರೂ ಹೇಳಿರಲಿಲ್ಲ.

ಹೂವು ತರಲು ಹೋದ ಹೆಂಡತಿ ಜಯಮ್ಮನನ್ನು ಕಾಯುತ್ತ ಕಾರಿನಲ್ಲಿ ಕೂತಿದ್ದೆ. ಹಿಂದಿನಿಂದ "ಬೀಗ್ರೇ!" ಎಂಬ ಕೂಗು. ಮಗಳ ಮಾವ, ಮರಳವಾಡಿಯ ಪುಟ್ಟೇಗೌಡರು! ಬೀಗರು ಕೂಗಿದಾಗ ಕೂತಲ್ಲೇ ಕೈಯೆತ್ತುವುದು ನಮ್ಮ ಕಡೆ ಕೊಲೆಗಿಂತ ಸ್ವಲ್ಪವೇ ಚಿಕ್ಕ ಅಪರಾಧ. ಎದ್ದು ನಿಲ್ಲಬೇಕು. ಎದ್ದು ನಿಲ್ಲಲು ಬಾಗಿಲು ತೆರೆಯಬೇಕು. ತೆರೆದೆ.

ಬೀಗರು ಸ್ಕೂಟರ್ ಸಮೇತ ಬಾಗಿಲಿಗೇ ಬಂದರು!

ಅವರ ಮೊಣಕೈ ತರಚಿತು. ಸ್ಕೂಟರಿನ ಮೂತಿ ಅಪ್ಪಚ್ಚಿಯಾಯಿತು. ನನ್ನ ಕಾರಿನ ಬಾಗಿಲು ಮುಚ್ಚಿಕೊಳ್ಳುವ ಅಭ್ಯಾಸವನ್ನೇ ಬಿಟ್ಟಿತು.

ವಿಮಾ ಕಂಪನಿ ತೀರ್ಪು ಕೊಟ್ಟಿತು: ನೋಡದೆ ಬಾಗಿಲು ತೆರೆದ ಕಾರಿನವರದೇ ತಪ್ಪು. ಇಷ್ಟು ವರ್ಷ ಒಂದು ಗೀರೂ ಬೀಳದಂತೆ ಕಾರು ಓಡಿಸಿ, ಊರಿನವರಿಗೆಲ್ಲ ಬೇಡವೆಂದರೂ ಡ್ರೈವಿಂಗ್ ಉಪದೇಶ ಮಾಡಿಕೊಂಡು ಬಂದವನು ನಾನು. ನನ್ನ ಹೆಸರಿಗೆ ಕಳಂಕ! ನಿಂತವನ ಮೇಲೆ ಬಂದು ಬಿದ್ದವರೇ ತಪ್ಪಿತಸ್ಥರೆಂದು ಘನಗಂಭೀರವಾಗಿ ಆಕ್ಷೇಪಣೆ ಸಲ್ಲಿಸಿದೆ.

"ರೀ, ನಿಮಗೇನಾರ ಗ್ಯಾನ ಐತಾ?" ಎಂದಳು ಜಯಮ್ಮ. "ತಪ್ಪು ನಿಮ್ಮದಲ್ಲ ಅಂದ್ರೆ ಬೀಗರದು ಅಂತಾಯ್ತು. ನಾಳೆ ಮಗಳು ಆ ಮನೇಲಿ ತಲೆ ಎತ್ಕೊಂಡು ಓಡಾಡೋದು ಬ್ಯಾಡ್ವಾ?"

"ಇದು ಕಾನೂನಿನ ವಿಚಾರ ಕಣೇ. ನೆಂಟಸ್ತನಕ್ಕೂ ಇದಕ್ಕೂ ಏನೈತೆ?"

"ಹಂಗಾ? ಇವತ್ತಿಂದ ನಿಮಗೆ ಕಾನೂನೇ ಬಿಸಿನೀರು ಕಾಯ್ಸಲಿ."

ಎರಡೂ ಕಡೆಯ ಹೇಳಿಕೆ ಪಡೆಯಲು ಕಂಪನಿಯವರು ಒಬ್ಬ ಅಧಿಕಾರಿಯನ್ನು ಮರಳವಾಡಿಗೇ ಕಳಿಸಿದರು. ನಾನೂ ಹೋದೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲವಲ್ಲ; ಹೂವು-ಹಣ್ಣು ಹಿಡಿದುಕೊಂಡೇ ಅವರ ಮೇಲೆ ತಪ್ಪು ಹೊರಿಸಲು ಹೋದೆ! ಬೀಗಿತ್ತಿಯವರು ಮುದ್ದೆ, ನಾಟಿಕೋಳಿ ಸಾರು ಬಡಿಸಿದರು. ಅಧಿಕಾರಿಯನ್ನೂ ಬಿಡಲಿಲ್ಲ. ಊಟವಾದ ಮೇಲೆ ಅವರು ಹೇಗೋ ಸಾವರಿಸಿಕೊಂಡು ಪೆನ್ನು ತೆಗೆದರು.

"ತಪ್ಪು ನಂದೇ ಅಂತ ಬರ್ಕಳಿ ಸಾರ್," ಎಂದರು ಪುಟ್ಟೇಗೌಡರು. "ಬೀಗರನ್ನ ಕಂಡ ಸಂತೋಸಕ್ಕೆ ಬ್ರೇಕ್ ಹಿಡಿಯೋದೇ ಮರ್ತುಬುಟ್ಟೆ."

ಗೆದ್ದೆ! ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಕೋಳಿಸಾರು ಉಂಡ ಮನೆಯಲ್ಲಿ, ಬೀಗರು ತಪ್ಪೊಪ್ಪಿಕೊಳ್ಳುತ್ತಿರುವಾಗ ಸುಮ್ಮನೆ ಕೂರಲಾದೀತೆ?

"ಎಲ್ಲಾರ ಉಂಟಾ ಬೀಗ್ರೇ! ನೀವು ನೆಟ್ಟಗೇ ಬತ್ತಿದ್ರಿ. ದಡಾರ್ ಅಂತ ಬಾಗ್ಲು ತಗ್ದೋನು ನಾನು."

"ಇಲ್ಲ ಬುಡಿ, ನಾನೇ ಒಸಿ ಜೋರಾಗಿ ಬಂದೆ."

"ನೀವು ಮೆಲ್ಲಗೆ ಬಂದಿದ್ರೂ ಅಷ್ಟೇಯ. ನಾನು ಕನ್ನಡೀನೇ ನೋಡ್ಲಿಲ್ಲ!"

"ನೋಡಿದ್ರೂ ನಾನು ಕಾಣ್ತಿರ್ಲಿಲ್ಲ. ಕಾರಿಗೆ ಒತ್ಕೊಂಡೇ ಬಂದಿದ್ದೆ."

"ನೋಡೋದೆಲ್ಲಿ ಬಂತು ಬೀಗ್ರೇ? ಕನ್ನಡಿ ಮಡಚಿ ಇಟ್ಟಿದ್ದೆ!"

ಬೀಗರು ಎರಡೂ ಕೈಯೆತ್ತಿ ಮುಗಿದುಬಿಟ್ಟರು. ಮರ್ಯಾದೆಯಲ್ಲಿ ಅವರನ್ನು ಸೋಲಿಸಿಬಿಟ್ಟಿದ್ದೆ!

ಅಷ್ಟು ಹೊತ್ತು ತಲೆ ತಗ್ಗಿಸಿ ಬರೆಯುತ್ತಿದ್ದ ಅಧಿಕಾರಿ ತಲೆಯೆತ್ತಿದರು. "ಕನ್ನಡಿ ಯಾವಾಗ್ಲೂ ಮಡಚೇ ಇರುತ್ತಾ ಸಾರ್?"

"ಯಾವಾಗ್ಲೂ," ಎಂದೆ ಹೆಮ್ಮೆಯಿಂದ. "ಗೀರು ಬೀಳಬಾರ್ದಲ್ಲ!"

ಕೆಳಗೆ ಸಹಿ ಹಾಕಲು ಹೇಳಿದರು. ಹಾಕಿದೆ. ಸಾಕ್ಷಿಯಾಗಿ ಬೀಗರೂ ಹಾಕಿದರು.

ನನ್ನ ಆಕ್ಷೇಪಣೆ ವಜಾ ಆಗಿದೆ. ತಪ್ಪು ಪೂರ್ತಿ ಕಾರಿನವರದು.