ಸುತ್ತಿಗೆ, ರಿವೆಟ್ ಸ್ಪಿನ್ನರ್ ಮತ್ತು ನಮ್ಮ ಯಜಮಾನರು

ನಮ್ಮ ವರ್ಕ್‌ಶಾಪಿನಲ್ಲಿ ಅವಿವೇಕ ಒಂದು ದಿನವೂ ರಜೆ ಹಾಕಿದ್ದಿಲ್ಲ. ಆಯುಧಪೂಜೆಯ ದಿನವೂ ಅದು ಹಾಜರಿತ್ತು.

ಎಂಬತ್ತರ ದಶಕದ ಆರಂಭ. ಮೆಕ್ಯಾನಿಕಲ್ ಪದವಿ ಹಿಡಿದು ನಾನು ಕೆಲಸಕ್ಕೆ ಸೇರಿದ್ದು ಕತ್ರಿಗುಪ್ಪೆಯ ಒಂದು ರಿಪೇರಿ ಅಂಗಡಿಗೆ. ಮರ ಕೊಯ್ಯುವ ಮೋಟಾರು ಗರಗಸಗಳ ಚೈನು ತುಂಡಾದರೆ ಜೋಡಿಸಿಕೊಡುವುದು ಅಲ್ಲಿನ ಮುಖ್ಯ ಕೆಲಸ. ಕೊಂಡಿಗಳನ್ನು ಹಿಡಿದಿಡುವ ಹೊಸ ರಿವೆಟ್ ತೂರಿಸಿ, ಅದರ ತಲೆಯನ್ನು ತಿರುಗಿಸುತ್ತ ಒತ್ತಿ ಸುತ್ತಲೂ ಸಮನಾಗಿ ಅಗಲಿಸಬೇಕು. ಅದಕ್ಕೆಂದೇ, ಬೆಂಚಿಗೆ ಬಿಗಿದು ಕೈಯಿಂದ ತಿರುಗಿಸುವ ರಿವೆಟ್ ಸ್ಪಿನ್ನರ್ ಎಂಬ ಪುಟ್ಟ ಯಂತ್ರವಿದೆ. ನಮ್ಮಲ್ಲಿ ಅದಿರಲಿಲ್ಲ. ಯಜಮಾನರ ದಿವಂಗತ ತಂದೆಯ ಸುತ್ತಿಗೆ ಇತ್ತು.

ಟವಲು

ಸುತ್ತಿಗೆಯ ಏಟಿಗೆ ರಿವೆಟ್ಟಿನ ತಲೆ ಒಂದು ಕಡೆ ಚಪ್ಪಟೆಯಾಗಿ ಇನ್ನೊಂದು ಕಡೆ ಸೀಳುತ್ತಿತ್ತು. ಪರಿಣಾಮವನ್ನು ಹೊತ್ತು ತಂದವನು ನಮ್ಮ ಖಾಯಂ ಗಿರಾಕಿ, ಜಯನಗರದಲ್ಲಿ ಒಣಮರ ಕೊಯ್ಯುತ್ತಿದ್ದ ಹೊಸಕೆರೆಹಳ್ಳಿಯವನು. ಸೀಳಿಹೋದ ಟವಲೊಂದನ್ನು ಬೆಂಚಿನ ಮೇಲೆ ಹಾಸಿದ.

"ನೀವು ಜೋಡಿಸಿಕೊಟ್ಟ ಚೈನು, ಸಾರ್. ಓಡ್ತಿದ್ದಾಗ್ಲೇ ಬಿಚ್ಕೊಳ್ತು. ಇವತ್ತು ಸೊಂಟದಲ್ಲಿದ್ದ ಟವಲ್ ಹೋಯ್ತು. ಇನ್ನೊಂದ್ಸಲ ಬರುವಾಗ ಏನು ತರ್ಲಿ?"

ನನ್ನ ಮೈ ಉರಿಯಿತು. ಮುಂದೆ ಅವನ ಚೈನನ್ನು ಸ್ಪಿನ್ನರಿನಲ್ಲೇ ಜೋಡಿಸುತ್ತೇನೆಂದು ಅಲ್ಲಿಯೇ ಮಾತು ಕೊಟ್ಟೆ. ಯಜಮಾನರು ಮಾತ್ರ ಟವಲನ್ನು ಬೆರಳುಗಳ ನಡುವೆ ಉಜ್ಜಿ ನೋಡಿ ತೀರ್ಪು ಕೊಟ್ಟರು: "ಬಟ್ಟೆ ತುಂಬಾ ತೆಳು ಕಣಯ್ಯ."

ತೂಕ

ಹಠ ಹಿಡಿದು ಅವರನ್ನು ಪೇಟೆಗೆ ಹೊರಡಿಸಿದೆ. ಬಾಳಿಕೆಯ ಸ್ಪಿನ್ನರನ್ನು ಗುರುತಿಸುವುದು ಕಷ್ಟವಲ್ಲ. ಒತ್ತುವ ಸ್ಕ್ರೂ ಅಲ್ಲಾಡಬಾರದು, ಹಿಡಿ ಉಕ್ಕಿನದಾಗಿರಬೇಕು, ರಿವೆಟ್ಟನ್ನು ಒತ್ತುವ ಮೊಳೆ ರಿವೆಟ್ಟಿಗಿಂತ ಗಟ್ಟಿಯಾಗಿರಬೇಕು. ನಾನು ಇವನ್ನು ಪರೀಕ್ಷಿಸುತ್ತಿದ್ದಾಗ ಯಜಮಾನರು ಕುಂಬಳಕಾಯಿ ಆರಿಸುವವರಂತೆ ಒಂದೊಂದನ್ನೇ ಎತ್ತಿ ನೋಡಿ, ಅತ್ಯಂತ ಭಾರದ್ದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು.

"ಇದರ ಹಿಡಿ ಬೀಡುಕಬ್ಬಿಣದ್ದು, ಮುರಿಯುತ್ತದೆ," ಎಂದೆ.

"ತೂಕ ನೋಡ್ರೀ, ತೂಕ!"

ಮೊದಲ ಚೈನಿಗೇ ಹಿಡಿ ಮುರಿದು ನನ್ನ ಕೈಯಲ್ಲಿ ಉಳಿಯಿತು. ಯಜಮಾನರು ಕೆಳಗಿನ ಪೀಠವನ್ನು ತಟ್ಟಿ ಕೇಳಿದರು: "ಇದಕ್ಕೇನಾದ್ರೂ ಆಯ್ತಾ? ಇಲ್ವಲ್ಲ! ನಾನ್ ಹೇಳ್ಲಿಲ್ವಾ, ಬಾಳಿಕೆ ಬರುತ್ತೆ ಅಂತ?"

ಗ್ಯಾರಂಟಿ

ಮುರಿದ ಹಿಡಿಯನ್ನು ಸ್ಪಿನ್ನರ್ ಮಾರಿದ ಅಂಗಡಿಯವನ ಮುಂದಿಟ್ಟೆ. "ಜೀವಮಾನದ ಗ್ಯಾರಂಟಿ ಅಂದಿದ್ದಿರಿ."

"ಹೌದು, ಸಾರ್."

"ಯಾರ ಜೀವಮಾನ?"

"ಮಿಷನ್‌ದು, ಸಾರ್." ಹಿಡಿಯನ್ನು ಮರುಕದಿಂದ ನೋಡಿದ. "ಅದರ ಜೀವಮಾನ ಮುಗೀತು."

ಭಾಮೈದನ ಮಾಲು

ಆಮೇಲೆ ಯಜಮಾನರು ನನ್ನನ್ನು ಕೇಳುವ ಸೌಜನ್ಯವನ್ನೂ ಕೈಬಿಟ್ಟರು. ಜೆ.ಪಿ. ನಗರದಲ್ಲಿ ಲೇತ್ ಇಟ್ಟಿದ್ದ ಅವರ ಭಾಮೈದ ಸ್ವತಃ ಒಂದು ಸ್ಪಿನ್ನರ್ ತಯಾರಿಸಿ ತಂದ. ಹಸಿರು ಬಣ್ಣ ಬಳಿದಿದ್ದ. ಹಿಡಿಯ ತುದಿಯ ಗುಂಡಿಗೆ ಪಾಲಿಷ್ ಹಾಕಿಸಿದ್ದ. ಮೊಳೆಗೆ ಮಾತ್ರ ಮೆತ್ತನೆಯ ಕಬ್ಬಿಣ ಬಳಸಿದ್ದ. ಒತ್ತಿ ತಿರುಗಿಸಿದೆವು. ಯಂತ್ರ ರಿವೆಟ್ಟಿಗೆ ಆಕಾರ ಕೊಡಬೇಕಿತ್ತು. ರಿವೆಟ್ಟೇ ಯಂತ್ರಕ್ಕೆ ಗುಳಿ ಹಾಕಿತು.

ಭಾಮೈದ ಬಗ್ಗಿ ನೋಡಿ, ಒಂದಿಷ್ಟೂ ನಾಚದೆ ಹೇಳಿದ: "ಭಾವ, ನಿಮ್ಮ ರಿವೆಟ್ಟು ತುಂಬಾ ಗಟ್ಟಿ ಆಯ್ತು. ಸ್ವಲ್ಪ ಹೊಂದ್ಕೊಂಡು ಹೋಗೋ ಥರದ್ದು ತರ್ಸಿ."

ಭಾವ ತಲೆಯಾಡಿಸಿ ನನ್ನತ್ತ ತಿರುಗಿದರು. "ಕೇಳಿಸ್ತೇನ್ರೀ, ಇಂಜಿನಿಯರೇ? ನೀವೂ ಅಷ್ಟೇ."

ಬೀರು

ಕೊನೆಗೆ ಗೆದ್ದೆ. ಅರವನ್ನು ಕಿಸೆಯಲ್ಲಿಟ್ಟುಕೊಂಡು ಒಬ್ಬನೇ ಪೇಟೆಗೆ ಹೋಗಿ, ಅರ ಉಜ್ಜಿದರೂ ಗೀರು ಬೀಳದ ಮೊಳೆ, ಉಕ್ಕಿನ ಹಿಡಿ, ಅಲ್ಲಾಡದ ಸ್ಕ್ರೂ ಇದ್ದ ಸ್ಪಿನ್ನರನ್ನು ಆರಿಸಿ ತಂದೆ. ಮರುದಿನವೇ ಆಯುಧಪೂಜೆ. ಯಜಮಾನರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಮಂಗಳಾರತಿ ಮಾಡಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಬ್ಬ ಮುಗಿಯಿತು, ಬೀಗ ತೆರೆಯಲಿಲ್ಲ. ಬೆಂಚಿನ ಮೇಲೆ ಮತ್ತೆ ಅದೇ ಸುತ್ತಿಗೆ.

ಹೊಸಕೆರೆಹಳ್ಳಿಯವನು ಚೈನು ಹಿಡಿದು ಬಂದ. "ಮಿಷನ್ ಬಂತಾ, ಸಾರ್?"

ಯಜಮಾನರು ಅವನಿಗೆ ಚಪ್ಪಲಿ ಬಿಡಲು ಹೇಳಿ, ಬೀರು ತೆರೆದು ದರ್ಶನ ಮಾಡಿಸಿದರು.

"ಇದ್ರಲ್ಲೇ ಜೋಡ್ಸಿಕೊಡಿ ಮತ್ತೆ."

"ದಿನಾ ತಿರುಗಿಸಿದ್ರೆ ಸವೆದುಹೋಗಲ್ವೇನಯ್ಯ? ಬಾಳಿಕೆ ಬರೋ ಮಿಷನ್ ಅದು."

ಅವನು ಬೀರುವನ್ನು ಮೇಲಿಂದ ಕೆಳಗಿನವರೆಗೆ ಅಳೆಯುವಂತೆ ನೋಡಿದ. "ಹಂಗಾದ್ರೆ ಸ್ವಲ್ಪ ಸರಿಸಿ, ಸಾರ್. ನಾನೂ ಒಳಗೆ ಕೂತ್ಕೋತೀನಿ. ನಾನೂ ಬಾಳಿಕೆ ಬರ್ಬೇಕಲ್ಲ."

ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ವಾದಿಸಲೂ ಇಲ್ಲ, ವಾದಕ್ಕೆ ಬೇಕಾದ ತರ್ಕವನ್ನು ಆ ಅಂಗಡಿಯಲ್ಲಿ ಆಗಲೇ ಖರ್ಚು ಮಾಡಿ ಮುಗಿಸಿದ್ದೆ. ಸುತ್ತಿಗೆಯನ್ನು ತೊಳೆದೆ. ಉಳಿದಿದ್ದ ಅರಿಶಿನ ಕುಂಕುಮ ಹಚ್ಚಿದೆ. ಎರಡೂ ಕೈಗಳಲ್ಲಿ ಹಿಡಿದು ಯಜಮಾನರ ಮುಂದೆ ನಿಂತೆ.

"ತಂದೆಯವರ ಸುತ್ತಿಗೆ, ಯಜಮಾನ್ರೇ. ದಿನಾ ಹೊಡೆದು ಹೊಡೆದು ಮುಖವೆಲ್ಲ ಸವೆದಿದೆ. ಹೀಗೇ ಬಿಟ್ಟರೆ ಅವರ ನೆನಪಿಗೆಂದು ಏನು ಉಳಿಯುತ್ತದೆ?"

ಅವರ ಕಣ್ಣು ಒದ್ದೆಯಾಯಿತು. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನ್ರೀ?" ಎಂದು ಹೆಗಲ ಶಲ್ಯ ತೆಗೆದು ಸುತ್ತಿಗೆಗೆ ಸುತ್ತಿದರು. ಬೀರು ತೆರೆದರು. ಹಳೇ ಲೆಕ್ಕದ ಪುಸ್ತಕಗಳು ತುಂಬಿ ಒಳಗೆ ಜಾಗವಿರಲಿಲ್ಲ. ಅತ್ತಿತ್ತ ನೋಡಿ, ಸ್ಪಿನ್ನರನ್ನು ಹೊರಗೆಳೆದು ನನ್ನ ಕೈಗೆ ತುರುಕಿದರು.

"ತಗೊಳ್ರೀ, ಬೆಂಚಿಗೆ ಬಿಗೀರಿ. ಒಳ್ಳೇ ಸುತ್ತಿಗೆ ಸಿಗೋವರೆಗೂ ಇದ್ರಲ್ಲೇ ಹೆಂಗೋ ಸಾಗಿಸೋಣ!"