ಮಾವನಿಗೆ ಅವಿನ್ಯೋನ್ ತೋರಿಸಿದ್ದು

"ಕೊನೆಗಾಲಕ್ಕೆ ನಿಮ್ಮ ಹತ್ತಿರಾನೇ ಬಂದು ಇದ್ದುಬಿಡ್ತೀನಿ. ನಾಳೆ ಊರು ನೋಡೋಕೆ ಬರ್ತಿದ್ದೀನಿ" ಎಂದು ಸೋದರಮಾವ ಅನತೋಲ್ ನಾರ್ಮಂಡಿಯಿಂದ ಫೋನ್ ಮಾಡಿದ ಸುದ್ದಿಯನ್ನು ಹೆಂಡತಿ ಸೊಲಾಂಜ್ ತಿಳಿಸಿದಾಗ, ರೆಜಿಸ್ ತಮಿಸಿಯೆ ಕುಡಿಯುತ್ತಿದ್ದ ಕಾಫಿಯನ್ನು ಬದಿಗಿಟ್ಟ. ಬೆಂಕಿಪೊಟ್ಟಣದಂಥ ಅವರ ಮನೆಯಲ್ಲಿ ಸೊಳ್ಳೆ ಬಂದರೂ ಒಬ್ಬರು ಎದ್ದು ಜಾಗ ಕೊಡಬೇಕಿತ್ತು.

"ಅವರಿಗೆ ಈ ಊರೇ ಹಿಡಿಸದ ಹಾಗೆ ಮಾಡ್ಬಿಟ್ರೆ?"

"ನಿಮ್ಮ ಜೊತೆ ಒಂದು ದಿನ ಸುತ್ತಲಿ ಸಾಕು, ತಾನಾಗೇ ಹಿಡಿಸಲ್ಲ" ಎಂದಳು ಸೊಲಾಂಜ್.

ಮಾರನೆಯ ದಿನ, ಒಂದು ಕಾಲದಲ್ಲಿ ಪೋಪರಿದ್ದ ಅರಮನೆಯ ಗೋಡೆ ಕಂಡು ಮಾವ "ಅಬ್ಬಾ!" ಎನ್ನುವಷ್ಟರಲ್ಲಿ ರೆಜಿಸ್ ಮೂಗು ಮುರಿದ. "ಒಳಗೇನಿದೆ ಮಣ್ಣು! ಪೋಪರು ಮೊಳೆ ಸಮೇತ ಕಿತ್ಕೊಂಡು ಹೋಗಿದ್ದಾರೆ. ಖಾಲಿ ಮನೆ ತೋರಿಸಿ ಕಾಸು ಕೀಳೋ ಊರು ಮಾವ ಇದು."

ಮಾರುಕಟ್ಟೆಯಲ್ಲಿ ಕರ್ಬೂಜದ ಘಮಕ್ಕೆ ಮಾವನ ಮುಖ ಅರಳಿತು. ಆಲಿವ್ ಮಾರುವ ಫಿಲೋಮೆನ್ ರೊಟ್ಟಿ ತುಂಡಿಗೆ ಆಲಿವ್ ಚಟ್ನಿ ಸವರಿ ಕೊಟ್ಟಾಗ ಕಣ್ಣೂ ಮುಚ್ಚಿತು. ಎಲಾ! ಕೆಲಸ ಕೆಟ್ಟಿತೆಂದು ರೆಜಿಸ್ ಮಾವನ ಕಿವಿಯಲ್ಲಿ, "ಉಗೀರಿ ಮಾವ! ಮೊನ್ನೆ ತಾನೆ ಇದನ್ನ ತಿಂದೋನು ಆಸ್ಪತ್ರೆ ಸೇರಿದ್ದಾನೆ" ಎಂದ. ಅವನ ಪಿಸುಮಾತು ಎರಡು ಅಂಗಡಿ ಆಚೆಗೂ ಕೇಳಿಸುವಂಥದ್ದು.

"ಏನಂದ್ಯೋ?" ಫಿಲೋಮೆನ್ ಸೊಂಟದ ಮೇಲೆ ಕೈಯಿಟ್ಟಳು. "ವಾರ ವಾರ ಇಲ್ಲೇ ನೆಕ್ಕಿ ನೆಕ್ಕಿ ಬೆಳೆಸಿದ ಹೊಟ್ಟೆ ಅಲ್ವೇನೋ ಅದು?"

"ಏನಂತಕ್ಕಾ?" ಎಂದ ಪಕ್ಕದ ಮೀನಿನಂಗಡಿಯವನು.

"ನಾವು ವಿಷ ಮಾರ್ತೀವಂತೆ!"

ಮೀನಿನವನು ವಾದಕ್ಕಿಳಿಯಲಿಲ್ಲ. ಮೀನು ತೊಳೆದ ನೀರಿನ ಬಕೆಟ್ಟನ್ನೇ ಎತ್ತಿ ರೆಜಿಸ್ ತಲೆಗೆ ಸುರಿದ. ಮಾಂಸದಂಗಡಿಯವನು ಕೈಲಿದ್ದ ಕತ್ತಿಯನ್ನು ಕೆಳಗಿಡಲು ಮರೆತೇ ಓಡಿಬಂದ. ಮಾವ ಅಳಿಯನ ತೋಳು ಹಿಡಿದು ಹೊರಗೆಳೆದರು.

"ನಿಜ ಹೇಳಿದ್ದಕ್ಕೆ ಹಿಂಗಾ! ರಾಕ್ಷಸರಪ್ಪಾ!" ಎಂದರು ಮಾವ, ಹಿಂದೆ ತಿರುಗಿ ತಿರುಗಿ ನೋಡುತ್ತ. ತಲೆಯಿಂದ ಮೀನಿನ ಹುರುಪೆ ಉದುರಿಸಿಕೊಳ್ಳುತ್ತ ರೆಜಿಸ್ ಒಳಗೊಳಗೇ ಹಿಗ್ಗಿದ.

ದಾರಿಯಲ್ಲಿ ಮಾವ ಒಣಗಿದ ಲ್ಯಾವೆಂಡರ್ ಹೂವಿನ ಪುಟ್ಟ ಚೀಲ ಕೊಳ್ಳಹೋದರೆ, "ಅದರೊಳಗೆ ಬರೀ ಹೊಟ್ಟು" ಎಂದ. ಕಡೆಗೆ ರೋನ್ ನದಿಯ ನಡುವೆಯೇ ಮುಗಿದುಹೋಗುವ ಹಳೆಯ ಸೇತುವೆಗೆ ಕರೆತಂದ. "ಸೇತುವೆ ಅರ್ಧ, ಟಿಕೆಟ್ ಮಾತ್ರ ಪೂರ್ತಿ!" ಅಷ್ಟರಲ್ಲಿ ಉತ್ತರದ ಚಳಿಗಾಳಿ ಮಿಸ್ತ್ರಾಲ್ ಎದ್ದಿತು. ಒದ್ದೆ ಬಟ್ಟೆಯಲ್ಲಿ ರೆಜಿಸ್‌ನ ಹಲ್ಲು ಕಟಕಟ ಎಂದವು. ಮಾವ ಕಂಬಿಯನ್ನು ತಬ್ಬಿಕೊಂಡೇ ಯಾರಿಗೋ ಫೋನಿನಲ್ಲಿ ಅರಚಿದರು: "ಬೇಡ ಸ್ವಾಮಿ! ಕೈಮುಗೀತೀನಿ, ನನಗೆ ಬೇಡ!"

ಗೆದ್ದೆ ಎಂದುಕೊಂಡ ರೆಜಿಸ್. ಆ ಖುಷಿಗೆ ಮನೆಗೊಂದು ಒಳ್ಳೆಯ ವೈನ್ ಕೊಂಡ.

ಊಟಕ್ಕೆ ಕೂತಾಗ ಮಾವ ಗದ್ಗದಿತರಾದರು. "ಸೊಲಾಂಜ್, ನಿನ್ನ ಗಂಡ ಬಂಗಾರ ಕಣೆ. ನಿಮ್ಮ ಹಿಂದಿನ ಬೀದೀಲೇ ನಾನೊಂದು ಮನೆಗೆ ಫೋನಲ್ಲೇ ಮಾತಾಡಿ ಮುಂಗಡ ಕೊಟ್ಟಿದ್ದೆ. ನಿಮಗೆ ಭಾರ ಆಗ್ಬಾರ್ದು ಅಂತ. ಇವನು ಕಣ್ಣು ತೆರೆಸಿದ. ಸೇತುವೆ ಮೇಲಿಂದಾನೇ ಬೇಡ ಅಂದ್ಬಿಟ್ಟೆ."

ರೆಜಿಸ್‌ನ ಲೋಟ ಬಾಯಿಯ ಬಳಿಯೇ ನಿಂತಿತು. "ಹಾಗಾದ್ರೆ... ನಾರ್ಮಂಡಿಗೇ ವಾಪಸ್ಸಾ ಮಾವ?"

"ಅಲ್ಲಿಯ ಮನೆ ಮಾರಿ ಆಯ್ತಲ್ಲಪ್ಪಾ! ಇಂಥ ಕಟುಕರ ಊರಲ್ಲಿ ಒಂಟಿ ಮುದುಕ ಹೇಗಿರಲಿ? ನಿಮ್ಮ ಜೊತೆ, ಇದೇ ಮನೇಲೇ ಇದ್ದುಬಿಡ್ತೀನಿ." ಮಾವ ಕಣ್ಣೊರೆಸಿಕೊಂಡು ಸೊಸೆಯತ್ತ ತಿರುಗಿದರು. "ನೋಡೇ, ಸಂತೋಷಕ್ಕೆ ಪಾಪ ಬಾಯೇ ಕಟ್ಟಿಹೋಗಿದೆ ಇವನಿಗೆ."