ಹೊಸ ರೆಕಾರ್ಡಿಗೆ ಮುಪ್ಪು

ನೈಜೆಲ್ ವೌಲ್ಸ್‌ನ ರೆಕಾರ್ಡಿಗೆ ಇದ್ದದ್ದು ಒಂದೇ ಕುಂದು. ಅದು ಹೊಸದಾಗಿತ್ತು.

ತಾನೇ ಗಿಟಾರ್ ನುಡಿಸಿ, ತಾನೇ ಸದ್ದು ಜೋಡಿಸಿ, ಒಂದೇ ಒಂದು ಪ್ರತಿ ಕೊರೆಸಿಕೊಂಡು ಬಂದಿದ್ದ. ಆದರೆ ಆ ವರ್ಷ ಬ್ರಿಸ್ಟಲ್‌ನಲ್ಲಿ ಹೊಸ ಸದ್ದು ಯಾರಿಗೂ ಬೇಕಿರಲಿಲ್ಲ. ತಾಳ ತೂಕಡಿಸಬೇಕು, ಗಿಟಾರು ಅಟ್ಟದಲ್ಲಿ ಧೂಳು ತಿಂದ ರೆಕಾರ್ಡಿನಿಂದ ಬಂದಂತೆ ಚಟಪಟ ಅನ್ನಬೇಕು. ಮಧ್ಯಾಹ್ನ ಲಂಡನ್ನಿನ ರೆಕಾರ್ಡ್ ಕಂಪನಿಯಿಂದ ರೂಪರ್ಟ್ ಕೇಳಲು ಬರುವವನಿದ್ದ. ಅವನು ಒಪ್ಪಿದರೆ ಕವರಿನ ಮೇಲೆ ನೈಜೆಲ್‌ನ ಹೆಸರು. ಒಪ್ಪದಿದ್ದರೆ ಸೋಮವಾರದಿಂದ ಭಾವನ ಕಾರ್ಪೆಟ್ ಅಂಗಡಿ.

ಹಳೆಯದಾಗಲೆಂದು ರೆಕಾರ್ಡನ್ನು ಹೊಸ್ತಿಲ ಮೇಲಿಟ್ಟು, ಅಳುಕುತ್ತ ಅದರ ಮೇಲೆ ಒಂದು ಕಾಲಿಟ್ಟ.

"ಅದೇನಪ್ಪಾ, ಮಲಗಿರೋ ಮಗೂನ ದಾಟ್ತಿದೀಯಾ?" ಪಕ್ಕದ ಮನೆಯ ಡೆಲ್ರಾಯ್ ನಕ್ಕ. ಬೀದಿ ಕುಣಿತಗಳಿಗೆ ಬೀರುವಿನಷ್ಟು ದೊಡ್ಡ ಸ್ಪೀಕರ್ ಹೊರುವ ಆಳು. ಬೂಟುಗಾಲಲ್ಲೇ ರೆಕಾರ್ಡಿನ ಮೇಲೆ ನಿಂತು ಗಿರಕಿ ಹೊಡೆದ.

"ಗಂಡಸರಿಗೆ ಹಾಳು ಮಾಡೋಕೂ ನೆಟ್ಟಗೆ ಬರಲ್ಲ," ಎಂದು ಮನೆಯೊಡತಿ ಮಿಸೆಸ್ ಪೋಕಾಕ್ ಪಾತ್ರೆ ತಿಕ್ಕುವ ನಾರು ಹಿಡಿದು ಬಂದಳು. ತಿಕ್ಕಿದಳು, ಚಹಾ ಚೆಲ್ಲಿದಳು, ಒಲೆ ಪಕ್ಕ ಒಣಗಿಸಿದಳು. ಅದರ ಮೇಲೆ ಬೆಕ್ಕೂ ಒಂದು ನಿದ್ದೆ ತೆಗೆಯಿತು. ಕೊನೆಗೆ, ಬರೀ ಮೈಯಲ್ಲಿ ಚೆಂದ ಕಾಣದೆಂದು, ತನ್ನ ಹರೆಯದ ಕಾಲದ ಬಣ್ಣ ಮಾಸಿದ ಕವರೊಂದನ್ನು ತೊಡಿಸಿದಳು.

ರೂಪರ್ಟ್ ಬಂದ. ಮುಳ್ಳು ಇಳಿಯಿತು. ಬಾಣಲೆಯಲ್ಲಿ ಬೇಕನ್ ಹುರಿದಂಥ ಸದ್ದಿನ ನಡುವೆ ಗಿಟಾರು ನಿಟ್ಟುಸಿರಿಟ್ಟಿತು. ರೂಪರ್ಟ್ ಕಣ್ಣು ಮುಚ್ಚಿದ.

"ಅದ್ಭುತ! ಯಾರ ರೆಕಾರ್ಡಿಂದ ಎತ್ತಿದ್ದು?"

"ಎತ್ತಿದ್ದಲ್ಲ, ನಾನೇ ನುಡಿಸಿದ್ದು."

"ಎಲ್ರೂ ಹಾಗೇ ಅಂತಾರೆ. ಆಮೇಲೆ ಅದನ್ನ ಯಾವತ್ತೋ ನುಡಿಸಿದ ಮುದುಕ, ಒಬ್ಬ ವಕೀಲನ್ನ ಕರ್ಕೊಂಡು ಬರ್ತಾನೆ."

ಮಾಲು ಹಳೆಯದೆಂದು ನಂಬಿಸುವುದೇ ಬೆಳಗಿನಿಂದ ಎಲ್ಲರ ಕೆಲಸವಾಗಿತ್ತಲ್ಲ, ಬಿಸ್ಕತ್ತಿನ ತಟ್ಟೆ ಹಿಡಿದು ಬಂದ ಮಿಸೆಸ್ ಪೋಕಾಕ್ ತನ್ನ ಪಾಲಿನ ಸಾಕ್ಷಿಯನ್ನೂ ಹೇಳಿಬಿಟ್ಟಳು: "ಹಳೇದೇ ಕಣಪ್ಪಾ! ಮದುವೆಗೆ ಮುಂಚೆ ನಮ್ಮ ಆರ್ಥರ್ ಜೊತೆ ಇದಕ್ಕೇ ಕುಣಿದಿದ್ದೆ. ನನ್ನ ಕಾಲು ತುಳಿದಿದ್ದ, ಪಾಪ."

ನೈಜೆಲ್‌ನ ಮುಖ ನೀರಿಗೆ ಬಿದ್ದ ಬಿಸ್ಕತ್ತಿನಂತಾಯಿತು. ಗಿಟಾರ್ ಕೈಗೆತ್ತಿಕೊಂಡು, ಒಂದು ಸ್ವರವೂ ತಪ್ಪದಂತೆ ಅಷ್ಟನ್ನೂ ನುಡಿಸಿ ತೋರಿಸಿದ.

ರೂಪರ್ಟ್ ಕೊನೆಯವರೆಗೂ ಕೇಳಿದ. ಭುಜ ತಟ್ಟಿದ. "ಚೆನ್ನಾಗಿ ನಕಲು ಮಾಡ್ತೀಯ. ಆದ್ರೆ ಅಸಲಿನ ಕೈ ಬೇರೆ ಬಿಡು. ಆ ಮುದುಕ ಬದುಕಿದಾನಾ ಹುಡುಕು. ಸಿಕ್ಕಿದ್ರೆ ಇವತ್ತೇ ಸಹಿ ಹಾಕಿಸ್ಕೋತೀನಿ. ಆರು ಗಂಟೆ ರೈಲಿಗೆ ಹೊರಡ್ತೀನಿ, ಅಲ್ಲಿವರೆಗೆ ಹೋಟೆಲಲ್ಲೇ ಇರ್ತೀನಿ."

ಬಾಗಿಲು ಮುಚ್ಚಿತು. ನೈಜೆಲ್ ಮೆಟ್ಟಿಲ ಮೇಲೆ ಕುಸಿದು ಕೂತ. ಅವನಿಗೆ ಕಾರ್ಪೆಟ್ಟಿನ ವಾಸನೆ ಆಗಲೇ ಬರತೊಡಗಿತ್ತು.

ಮಿಸೆಸ್ ಪೋಕಾಕ್, ಬೆಳಿಗ್ಗೆ ಆ ಹೊಸ ರೆಕಾರ್ಡನ್ನು ನೋಡಿದ ಹಾಗೆಯೇ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತೋಳು ಮಡಿಸಿಕೊಂಡಳು.

"ಡೆಲ್ರಾಯ್, ಬೂಟು ಹಾಕ್ಕೊಂಡು ಬಾ. ಆ ನಾರು ಎಲ್ಲಿಟ್ಟೆ? ಆರು ಗಂಟೆವರೆಗೂ ಟೈಮಿದೆ."